ಪಾಲುದಾರ ಕಂಪನಿಗಳ ನಡುವೆ ಮಾಹಿತಿ ಕೆಟ್ಟಾಗ: ದೋಷ ಹುಡುಕುವ ಕೈಪಿಡಿ

ಜೋಡಣೆ ಲೈನ್ ನಿಂತಿದೆ, ಒಂದು ಬಿಡಿಭಾಗ ಬಂದಿಲ್ಲ. ಖರೀದಿ ವಿಭಾಗದವರು "ಷೆಡ್ಯೂಲ್ ಕಳಿಸಿದ್ದೇವಲ್ಲ" ಅನ್ನುತ್ತಾರೆ. ಪಾಲುದಾರ ಕಂಪನಿಯವರು "ನಮಗೆ ಬಂದ ಲೆಕ್ಕವೇ ಬೇರೆ" ಅನ್ನುತ್ತಾರೆ. ಐಟಿಯವರು ಎಲ್ಲ ಹಸಿರು ಇರುವ ಸ್ಕ್ರೀನ್‌ಶಾಟ್ ಕಳಿಸುತ್ತಾರೆ. ಮೂವರೂ ನಿಜವನ್ನೇ ಹೇಳುತ್ತಿರಬಹುದು. ಅಂಥ ಹೊತ್ತಿನಲ್ಲಿ ದೋಷವನ್ನು ಎಲ್ಲಿಂದ ಹುಡುಕಲು ಶುರು ಮಾಡಬೇಕು ಅನ್ನುವುದೇ ಈ ಬರಹ.

ಅಜೈಲ್ ತಯಾರಿಕೆ ಅನ್ನುವ ಹೆಸರು ಚಾಲ್ತಿಗೆ ಬಂದದ್ದು 1991ರಲ್ಲಿ ಅಮೆರಿಕದ ಲೀಹೈ ವಿಶ್ವವಿದ್ಯಾಲಯದ ಇಯಾಕೊಕಾ ಸಂಸ್ಥೆ ಹೊರತಂದ ಒಂದು ವರದಿಯಿಂದ. ಎಲ್ಲವನ್ನೂ ಒಂದೇ ಕಂಪನಿ ಮಾಡಬೇಕಿಲ್ಲ. ಒಂದು ಕೆಲಸಕ್ಕೆ ನಾಲ್ಕಾರು ಕಂಪನಿಗಳು ಬೇಗ ಒಟ್ಟಾಗಲಿ, ತಮಗೆ ಚೆನ್ನಾಗಿ ಬರುವ ಭಾಗವನ್ನು ಮಾಡಲಿ, ಮುಗಿದ ಮೇಲೆ ಬೇರೆಯಾಗಲಿ ಎಂಬುದು ಅದರ ಒಂದು ಮುಖ್ಯ ವಿಚಾರ. ಕೇಳಲು ಚೆನ್ನಾಗಿದೆ. ಆದರೆ ಹೊಸ ಜೊತೆ ಅಂದರೆ ಹೊಸ ಫೈಲ್ ನಮೂನೆ, ಹೊಸ ಪಾರ್ಟ್ ನಂಬರ್, ಹೊಸ ಅಭ್ಯಾಸ. ಹಳೆಯ ಪಾಲುದಾರರ ಜೊತೆ ಬಾಯಿಬಿಟ್ಟು ಹೇಳದೆಯೇ ನಡೆದುಕೊಂಡು ಬಂದ ಎಷ್ಟೋ ಸಂಗತಿಗಳಿರುತ್ತವೆ. ಹೊಸಬರ ಜೊತೆ ಅದ್ಯಾವುದೂ ಇರುವುದಿಲ್ಲ. ಅದಕ್ಕೇ ಇಲ್ಲಿ ಮಾಹಿತಿಯ ದೋಷ ಜಾಸ್ತಿ.

ತಂಡಗಳು ಸಾಮಾನ್ಯವಾಗಿ ಮೊದಲು ಕೈ ಹಾಕುವುದು ಸಾಫ್ಟ್‌ವೇರ್‌ಗೆ. ಅದಕ್ಕೆ ಲಾಗ್ ಇದೆ, ಸ್ಕ್ರೀನ್ ಇದೆ, ಕೇಳಲು ಒಬ್ಬ ಮನುಷ್ಯ ಇದ್ದಾನೆ. ಆದರೆ ಫೈಲ್ ಹೋಗಿ ತಲುಪುವುದರಲ್ಲಿ ದೋಷ ಇರುವುದು ಕಡಿಮೆ. ತಲುಪಿದ್ದನ್ನು ಬೇರೆ ಅರ್ಥದಲ್ಲಿ ಓದಿಕೊಂಡಿರುವುದೇ ಜಾಸ್ತಿ. ಅದೂ ಅಲ್ಲದಿದ್ದರೆ, ಯಾರೋ ಗೊತ್ತಿದ್ದೂ ಹೇಳಿಲ್ಲ. ಇಂಥ ಕಡೆ ಹೊಸ ಸಾಫ್ಟ್‌ವೇರ್ ತರುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಮೊದಲು ಒಂದೇ ಒಂದು ನಂಬರ್ ಹಿಡಿಯಿರಿ

"ಪಾಲುದಾರರ ಜೊತೆ ಸಂವಹನ ಸರಿಯಿಲ್ಲ" ಅನ್ನುವುದು ದೂರು, ದೋಷವಲ್ಲ. ಅದನ್ನು ಹುಡುಕಲು ಆಗುವುದಿಲ್ಲ. ಒಂದು ಪಾರ್ಟ್ ನಂಬರ್, ಒಂದು ತಾರೀಕು, ಒಂದು ಸಂಖ್ಯೆ ಆರಿಸಿಕೊಳ್ಳಿ. "ಈ ಬ್ರಾಕೆಟ್ 600 ಬೇಕಿತ್ತು, 900 ಬಂತು" ಅನ್ನುವಷ್ಟು ಸ್ಪಷ್ಟವಾಗಿರಲಿ.

ಆಮೇಲೆ ತಪ್ಪು ಕಂಡ ಜಾಗದಿಂದ ಹಿಂದಕ್ಕೆ ನಡೆಯಿರಿ. ಪ್ರತಿ ಹೆಜ್ಜೆಯಲ್ಲೂ ಈ ಸಂಖ್ಯೆ ಇಲ್ಲಿ ಎಷ್ಟಿತ್ತು, ಯಾವಾಗ ಬರೆದದ್ದು, ಬರೆದವರು ಯಾರು ಎಂದು ನೋಡಿ. ಸ್ಟೋರ್ಸ್‌ನ ಪುಸ್ತಕ, ಪಾಲುದಾರರ ಇಆರ್‌ಪಿ (ಖರೀದಿ, ದಾಸ್ತಾನು, ಲೆಕ್ಕ ಎಲ್ಲವನ್ನೂ ನೋಡಿಕೊಳ್ಳುವ ಸಾಫ್ಟ್‌ವೇರ್), ಅವರಿಗೆ ಬಂದ ಫೈಲ್, ನೀವು ಕಳಿಸಿದ ಫೈಲ್, ನಿಮ್ಮ ಇಆರ್‌ಪಿ, ಅದಕ್ಕೆ ಸಂಖ್ಯೆ ಕೊಟ್ಟ ಯೋಜನೆಯ ಶೀಟ್. ಸಂಖ್ಯೆ ಕೊನೆಯ ಬಾರಿ ಸರಿ ಇದ್ದ ಜಾಗ ಸಿಕ್ಕಿತು ಅಂದರೆ ದೋಷ ಅದರ ಮುಂದಿನ ಹೆಜ್ಜೆಯಲ್ಲಿದೆ.

ಇಲ್ಲಿ ಒಂದು ಹಟ ಬೇಕು. ಕಚ್ಚಾ ಫೈಲ್ ನೋಡದೆ ಬಿಡಬೇಡಿ. ಎರಡೂ ಕಡೆಯವರು ತಮ್ಮ ತಮ್ಮ ಪರದೆಯಲ್ಲಿ ಕಾಣುವುದನ್ನು ಓದಿ ಹೇಳಿದರೆ ಏನೂ ಸಿಗುವುದಿಲ್ಲ. ಪರದೆ ತೋರಿಸುವುದು ಆ ಸಾಫ್ಟ್‌ವೇರ್ ಮಾಡಿಕೊಂಡ ಅರ್ಥವನ್ನು. ಹೊರಟ ಫೈಲ್ ಮತ್ತು ಸೇರಿದ ಫೈಲ್ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಅವೆರಡೂ ಒಂದೇ ಆಗಿದ್ದರೆ ದಾರಿಯಲ್ಲಿ ಏನೂ ಆಗಿಲ್ಲ, ಓದಿಕೊಂಡಿದ್ದರಲ್ಲಿ ಆಗಿದೆ.

ಕಳಿಸಿದ್ದು ತಲುಪಿಲ್ಲ

ಇದು ಸುಲಭದ ಭಾಗ. ಬೇಗ ಮುಗಿಸೋಣ.

ಕಂಪನಿಗಳ ನಡುವೆ ಇಂಟರ್‌ನೆಟ್‌ನಲ್ಲಿ ಫೈಲ್ ಸುರಕ್ಷಿತವಾಗಿ ಕಳಿಸುವ ಎಎಸ್2 ಪದ್ಧತಿಯ ಮೂಲಕ ಕಳಿಸುತ್ತಿದ್ದರೆ ಪ್ರತಿ ಫೈಲ್‌ಗೂ ಎಂಡಿಎನ್ ಎಂಬ ರಸೀದಿ ವಾಪಸ್ ಬರುವ ಹಾಗೆ ಇಟ್ಟುಕೊಳ್ಳಬಹುದು. ರಸೀದಿ ಇಲ್ಲ ಅಂದರೆ ತಲುಪಿದ್ದಕ್ಕೆ ಸಾಕ್ಷಿ ಇಲ್ಲ. ಎಲ್ಲ ಫೈಲ್‌ಗಳೂ ಒಂದೇ ದಿನದಿಂದ ನಿಂತಿದ್ದರೆ ಮೊದಲು ಡಿಜಿಟಲ್ ಸರ್ಟಿಫಿಕೇಟ್‌ನ ಅವಧಿ ನೋಡಿ. ಎಷ್ಟೋ ಸಲ ಕತೆ ಅಲ್ಲಿಗೇ ಮುಗಿಯುತ್ತದೆ.

ಆದರೆ ರಸೀದಿ ಬಂತು ಅಂದರೆ ಕೆಲಸ ಆಯಿತು ಅಂತಲ್ಲ. ಎಂಡಿಎನ್ ಹೇಳುವುದು ಲಕೋಟೆ ಬಂತು ಅಂತ ಮಾತ್ರ. ಒಳಗಿನ ಬರಹದ ರಚನೆ ಸರಿ ಇದೆ ಎಂದು ಹೇಳಲು ವ್ಯವಹಾರ ಸಂದೇಶಗಳನ್ನು ಬರೆಯುವ ಎರಡು ಪದ್ಧತಿಗಳ ಪೈಕಿ ಎಕ್ಸ್12ರಲ್ಲಿ 997 ನಂಬರಿನ ಸಂದೇಶ, ಇಡಿಫ್ಯಾಕ್ಟ್‌ನಲ್ಲಿ ಕಂಟ್ರೋಲ್ ಸಂದೇಶ ಬೇರೆಯಾಗಿಯೇ ಇವೆ. ಅವೂ ಆರ್ಡರ್ ಒಪ್ಪಿದ್ದಾರೆ ಎಂದು ಹೇಳುವುದಿಲ್ಲ. ಒಪ್ಪಿಗೆಗೆ ಎಕ್ಸ್12ರ 855 ಅಥವಾ ಇಡಿಫ್ಯಾಕ್ಟ್‌ನ ಆರ್ಡರ್ ಉತ್ತರ ಸಂದೇಶ ಬರಬೇಕು. ಮೂರು ಮೆಟ್ಟಿಲು. ಮೊದಲ ಮೆಟ್ಟಿಲಿನ ಹಸಿರು ದೀಪ ನೋಡಿ ಮೂರನೆಯದೂ ಆಗಿದೆ ಅಂದುಕೊಳ್ಳುವವರು ಬಹಳ.

ಒಂದು ಚಿಕ್ಕ ಕಿರಿಕಿರಿ. ಇಡಿಫ್ಯಾಕ್ಟ್‌ನಲ್ಲಿ ಸಾಲು ಮುಗಿಯಿತು ಎಂದು ಹೇಳಲು ಮಾಮೂಲಾಗಿ ಬಳಸುವುದು ಒಂಟಿ ಉದ್ಧರಣ ಚಿಹ್ನೆಯನ್ನು. ಬಿಡಿಭಾಗದ ವಿವರಣೆಯಲ್ಲಿ ಯಾರಾದರೂ ಅಡಿ ಅಳತೆಗೆ ಅದೇ ಚಿಹ್ನೆ ಹಾಕಿದ್ದರೆ ಸಾಲು ಅಲ್ಲಿಗೇ ತುಂಡಾಗುತ್ತದೆ. ಅದಕ್ಕಿಂತ ಮೊದಲು ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಕಳಿಸಿದರೆ ಸರಿಹೋಗುತ್ತದೆ. ಲಕ್ಷಣ ಇಷ್ಟೇ: ನೂರು ಸಾಲು ಸರಿ, ಒಂದೇ ಒಂದು ಪಾರ್ಟ್ ಯಾವಾಗಲೂ ಬೀಳುತ್ತದೆ. ಅದರ ವಿವರಣೆಯನ್ನು ಓದಿ ನೋಡಿ.

ತಲುಪಿದೆ, ಆದರೆ ಅರ್ಥ ಬೇರೆಯಾಗಿದೆ

ಹೆಚ್ಚಿನ ಸಮಯ ಹೋಗಬೇಕಾದದ್ದು ಇಲ್ಲಿ. ಒಳ್ಳೆಯ ಸುದ್ದಿ ಏನೆಂದರೆ, ಇಂಥ ದೋಷಗಳು ತಮ್ಮ ಗುರುತು ಬಿಟ್ಟು ಹೋಗುತ್ತವೆ. ತಪ್ಪು ಸಂಖ್ಯೆ, ಸರಿ ಸಂಖ್ಯೆ ಎರಡರಲ್ಲಿ ದೊಡ್ಡದನ್ನು ಚಿಕ್ಕದರಿಂದ ಭಾಗಿಸಿ ನೋಡಿ. 25.4 ಬಂದರೆ ಇಂಚು ಮತ್ತು ಮಿಲಿಮೀಟರ್ ಅದಲುಬದಲಾಗಿದೆ. 2.2 ಹತ್ತಿರ ಬಂದರೆ ಪೌಂಡ್ ಮತ್ತು ಕಿಲೋ. 12 ಬಂದರೆ ಒಬ್ಬರು ಡಜನ್‌ನಲ್ಲಿ ಎಣಿಸಿದ್ದಾರೆ. 1000 ಬಂದರೆ ಎರಡು ಸಾಧ್ಯತೆ: ಗ್ರಾಂ–ಕಿಲೋ ಥರದ ಅಳತೆ, ಇಲ್ಲವೇ ದಶಮಾಂಶಕ್ಕೆ ಅಲ್ಪವಿರಾಮ ಬಳಸುವ ದೇಶದ 1,250 ಅನ್ನುವುದನ್ನು ನೀವು ಸಾವಿರದ ಇನ್ನೂರೈವತ್ತು ಅಂತ ಓದಿದ್ದೀರಿ. ಪೆಟ್ಟಿಗೆಯಲ್ಲಿ ಎಷ್ಟು ತುಂಬುತ್ತಾರೋ ಅಷ್ಟೇ ಬಂದರೆ ಒಬ್ಬರು ಬಿಡಿಯಾಗಿ, ಇನ್ನೊಬ್ಬರು ಪೆಟ್ಟಿಗೆ ಲೆಕ್ಕದಲ್ಲಿ ಎಣಿಸುತ್ತಿದ್ದಾರೆ.

4.45 ಬಂದ ಒಂದು ಪ್ರಸಂಗ ಬಹಳ ದುಬಾರಿಯಾಯಿತು. 1999ರ ಸೆಪ್ಟೆಂಬರ್ 23ರಂದು ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳನ ಹತ್ತಿರ ಕಳೆದುಹೋಯಿತು. ಗುತ್ತಿಗೆದಾರ ಕಂಪನಿಯ ಸಾಫ್ಟ್‌ವೇರ್ ತಳ್ಳುಬಲದ ಲೆಕ್ಕವನ್ನು ಪೌಂಡ್-ಸೆಕೆಂಡ್‌ನಲ್ಲಿ ಕೊಡುತ್ತಿತ್ತು. ದಾರಿ ಲೆಕ್ಕ ಹಾಕುವ ತಂಡ ಅದನ್ನು ನ್ಯೂಟನ್-ಸೆಕೆಂಡ್ ಅಂದುಕೊಂಡು ಬಳಸಿತು. ಯೂನಿಟ್ ತಪ್ಪಿದ ಕತೆ ಎಲ್ಲರಿಗೂ ಗೊತ್ತು. ನನಗೆ ಹೆಚ್ಚು ಮುಖ್ಯ ಅನಿಸುವುದು ಅದರ ಇನ್ನೊಂದು ಭಾಗ. ಲೆಕ್ಕ ಸ್ವಲ್ಪ ಸರಿಹೋಗುತ್ತಿಲ್ಲ ಎಂಬ ಅನುಮಾನ ಕೆಲವರಿಗೆ ಮೊದಲೇ ಬಂದಿತ್ತು. ಆದರೆ ಅದು ಸಮಸ್ಯೆ ದಾಖಲಿಸುವ ಅಧಿಕೃತ ಪದ್ಧತಿಯೊಳಗೆ ಹೋಗಲಿಲ್ಲ ಎಂದು ತನಿಖಾ ಮಂಡಳಿ ಹೇಳಿತು. ನಿಮ್ಮಲ್ಲಿ ಪಾಲುದಾರರ ಎಂಜಿನಿಯರ್‌ಗೆ ಹೀಗೆ ಅನುಮಾನ ಬಂದರೆ ಎಲ್ಲಿ ಬರೆಯಬೇಕು? ಉತ್ತರ "ಯಾರಿಗಾದರೂ ಮೇಲ್ ಹಾಕಲಿ" ಅಂತಿದ್ದರೆ, ಅದನ್ನೂ ದೋಷಗಳ ಪಟ್ಟಿಗೆ ಸೇರಿಸಿ.

ತಾರೀಕುಗಳಿಗೂ ಗುರುತುಗಳಿವೆ. ತಿಂಗಳ 1ರಿಂದ 12ರವರೆಗಿನ ತಾರೀಕುಗಳು ಮಾತ್ರ ತಪ್ಪಾಗಿ, 13ರಿಂದ ಮುಂದಿನವು ಸರಿ ಇದ್ದರೆ ಅಥವಾ ಎರರ್ ಆಗಿ ಬೀಳುತ್ತಿದ್ದರೆ, ದಿನ ಮತ್ತು ತಿಂಗಳು ಅದಲುಬದಲಾಗಿವೆ. ಎಲ್ಲ ತಾರೀಕುಗಳೂ ಸರಿಯಾಗಿ 1,462 ದಿನ ಆಚೀಚೆ ಆಗಿದ್ದರೆ, ಒಬ್ಬರ ಎಕ್ಸೆಲ್ ಶೀಟ್ 1900ರಿಂದ ಎಣಿಸುತ್ತಿದೆ, ಇನ್ನೊಬ್ಬರದು 1904ರಿಂದ. ರಾತ್ರಿ ಪಾಳಿಯ ಡಿಸ್ಪ್ಯಾಚ್‌ಗಳು ಮಾತ್ರ ಒಂದು ದಿನ ಹೆಚ್ಚುಕಡಿಮೆ ಆದರೆ ಟೈಮ್‌ಝೋನ್ ನೋಡಿ.

ವಾರದ ನಂಬರ್ ಬಳಸುವವರು ಇನ್ನೂ ಹುಷಾರಾಗಿರಬೇಕು. ತಾರೀಕು ಬರೆಯುವ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 8601 ಪ್ರಕಾರ ವರ್ಷದ ಮೊದಲ ಗುರುವಾರ ಇರುವ ವಾರವೇ 1ನೇ ವಾರ. ಇನ್ನೊಂದು ಪದ್ಧತಿಯಲ್ಲಿ ಜನವರಿ 1 ಇರುವ ವಾರವೇ 1ನೇ ವಾರ. 2026ರಲ್ಲಿ ಜನವರಿ 1 ಗುರುವಾರವೇ ಆದ್ದರಿಂದ ವಾರದ ನಂಬರ್‌ಗಳು ಹೊಂದುತ್ತವೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ. 2027ರಲ್ಲಿ ಅದು ಶುಕ್ರವಾರ. ಆಗ ಇಡೀ ವರ್ಷ ಒಂದು ವಾರದ ವ್ಯತ್ಯಾಸ ಬರುತ್ತದೆ. "ಹೋದ ವರ್ಷ ಸರಿಯಾಗಿಯೇ ಇತ್ತು, ನಾವು ಏನೂ ಬದಲಾಯಿಸಿಲ್ಲ" ಎಂಬ ಮಾತು ಕೇಳಿದರೆ ಇದನ್ನು ನೆನಪಿಸಿಕೊಳ್ಳಿ. ಷೆಡ್ಯೂಲ್‌ನಲ್ಲಿ ವಾರದ ನಂಬರ್ ಜೊತೆ ಸೋಮವಾರದ ತಾರೀಕನ್ನೂ ಬರೆಯುವುದು ಅತಿ ಅಗ್ಗದ ಪರಿಹಾರ.

ಎಕ್ಸೆಲ್ ಬಗ್ಗೆ ಇನ್ನೆರಡು ಮಾತು, ಏಕೆಂದರೆ ಎಷ್ಟೇ ದೊಡ್ಡ ವ್ಯವಸ್ಥೆ ಕಟ್ಟಿದರೂ ನಡುವೆ ಎಲ್ಲೋ ಒಂದು ಶೀಟ್ ಇದ್ದೇ ಇರುತ್ತದೆ. 000457 ಎಂಬ ಪಾರ್ಟ್ ನಂಬರ್ 457 ಆಗುತ್ತದೆ. 12ಇ05 ಥರದ ನಂಬರ್‌ನಲ್ಲಿ ಇಂಗ್ಲಿಷ್ ಇ ಇದ್ದರೆ ಅದು ಹನ್ನೆರಡು ಲಕ್ಷ ಆಗುತ್ತದೆ. 3-12 ಎಂಬುದು ತಾರೀಕಾಗುತ್ತದೆ. 15 ಅಂಕಿಗಿಂತ ಉದ್ದದ ಸೀರಿಯಲ್ ನಂಬರ್‌ನ ಕೊನೆಯ ಅಂಕಿಗಳು ಸೊನ್ನೆಯಾಗುತ್ತವೆ, ಅದೂ ವಾಪಸ್ ತರಲು ಆಗದ ಹಾಗೆ. ಮಾಸ್ಟರ್ ಡೇಟಾದಲ್ಲಿ (ಎಲ್ಲ ಪಾರ್ಟ್‌ಗಳ ಮೂಲ ಪಟ್ಟಿಯಲ್ಲಿ) "ಇಂಥ ಪಾರ್ಟ್ ಇಲ್ಲ" ಎಂಬ ಎರರ್ ಬಂದಾಗ ಹೊಸ ಪಾರ್ಟ್ ಸೃಷ್ಟಿಸುವ ಮುನ್ನ ಇದನ್ನು ನೋಡಿ. ಇಲ್ಲದಿದ್ದರೆ ಒಂದೇ ವಸ್ತು ಎರಡು ಹೆಸರಿನಲ್ಲಿ ಬದುಕತೊಡಗುತ್ತದೆ, ಸ್ಟಾಕ್ ಲೆಕ್ಕ ಎರಡಾಗಿ ಒಡೆಯುತ್ತದೆ.

ಷೆಡ್ಯೂಲ್‌ನ ಲೆಕ್ಕ ಮಾತ್ರ ತಪ್ಪುತ್ತಿದೆ

ಹೊಸ ಷೆಡ್ಯೂಲ್ ಹಳೆಯದರ ಬದಲಿಗೋ, ಹಳೆಯದರ ಮೇಲೋ? ಈ ಒಂದು ಪ್ರಶ್ನೆಯನ್ನು ಮೊದಲ ದಿನವೇ ಕೇಳದವರು ಆಮೇಲೆ ಗೋದಾಮು ತುಂಬಿದಾಗ ಕೇಳುತ್ತಾರೆ. ಕಳಿಸುವವರ ಮನಸ್ಸಿನಲ್ಲಿ "ಹಳೆಯದನ್ನು ಬಿಸಾಕಿ, ಇದನ್ನು ಹಿಡಿಯಿರಿ" ಎಂದಿರುತ್ತದೆ. ಪಡೆಯುವವರ ಇಆರ್‌ಪಿ ಸುಮ್ನೆ ಕೂಡಿಸುತ್ತಾ ಹೋಗುತ್ತದೆ. ಗುರುತು: ಪ್ರತಿ ವಾರ ಬೇಡಿಕೆ ಎರಡರಷ್ಟು, ಮೂರರಷ್ಟು ಹೀಗೆ ಮೆಟ್ಟಿಲಿನಂತೆ ಏರುತ್ತದೆ.

ವಾಹನ ಉದ್ಯಮದಲ್ಲಿ ಬಳಕೆಯಲ್ಲಿರುವ ಸಂಚಿತ ಲೆಕ್ಕ ಇದಕ್ಕಿಂತ ಸೂಕ್ಷ್ಮ. ಅಲ್ಲಿ "ಈ ವಾರ 600 ಕೊಡಿ" ಅನ್ನುವುದಿಲ್ಲ. "ವರ್ಷದ ಆರಂಭದಿಂದ ಈ ವಾರದವರೆಗೆ ಒಟ್ಟು 12,000 ಆಗಬೇಕು" ಅನ್ನುತ್ತಾರೆ. ಪಾಲುದಾರರು ಈವರೆಗೆ 11,400 ಕಳಿಸಿದ್ದರೆ ಇನ್ನು 600 ಕಳಿಸಬೇಕು. ಒಂದು ಸಂದೇಶ ಕಳೆದುಹೋದರೂ ಮುಂದಿನದು ಸರಿಪಡಿಸಿಬಿಡುತ್ತದೆ ಎನ್ನುವುದು ಇದರ ಚೆಲುವು. ಆದರೆ ಎರಡೂ ಕಡೆಯ ಒಟ್ಟು ಒಂದೇ ಆಗಿರಬೇಕು. ಅಲ್ಲಿಯೇ ಎಡವಟ್ಟು.

ವ್ಯತ್ಯಾಸ ಎಷ್ಟಿದೆ ನೋಡಿದರೆ ಸಾಕು, ಕಾರಣ ಗೊತ್ತಾಗುತ್ತದೆ. ಸರಿಯಾಗಿ ಒಂದು ಲೋಡ್‌ನಷ್ಟಿದ್ದರೆ ಒಂದು ಲಾರಿ ದಾರಿಯಲ್ಲಿದೆ, ಅಥವಾ ಸರಕು ಬಂದಿದ್ದೂ ಸ್ಟೋರ್ಸ್‌ನಲ್ಲಿ ಅದರ ಎಂಟ್ರಿ ಆಗಿಲ್ಲ. ಗುಣಮಟ್ಟ ವಿಭಾಗ ವಾಪಸ್ ಮಾಡಿದ ಲಾಟ್‌ನಷ್ಟಿದ್ದರೆ, ಒಬ್ಬರು ರಿಜೆಕ್ಷನ್ ಕಳೆದಿದ್ದಾರೆ, ಇನ್ನೊಬ್ಬರು ಕಳೆದಿಲ್ಲ. ಒಂದೇ ದಿನದಲ್ಲಿ ಇಡೀ ವರ್ಷದ ಲೆಕ್ಕದಷ್ಟು ವ್ಯತ್ಯಾಸ ಬಂದರೆ, ಒಬ್ಬರು ಕ್ಯಾಲೆಂಡರ್ ವರ್ಷಕ್ಕೆ ಸೊನ್ನೆ ಮಾಡಿದ್ದಾರೆ, ಇನ್ನೊಬ್ಬರು ಹಣಕಾಸು ವರ್ಷಕ್ಕೆ ಕಾಯುತ್ತಿದ್ದಾರೆ. ಲಾರಿ ದಾರಿಯಲ್ಲಿರುವಾಗ ಫೋನ್ ಮಾಡಿ ಜಗಳ ಆಡುವವರೇ ಜಾಸ್ತಿ. ನಿಮ್ಮ ಒಟ್ಟು ಸಂಖ್ಯೆಯ ಜೊತೆ "ನಮಗೆ ಸೇರಿದ ಕೊನೆಯ ಚಲನ್ ನಂಬರ್ ಇದು" ಎಂದೂ ಕಳಿಸಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಡ್ರಾಯಿಂಗ್ ಒಂದೇ, ಬಿಡಿಭಾಗ ಕೂಡುತ್ತಿಲ್ಲ

ಮೊದಲು ರಿವಿಷನ್, ಅಂದರೆ ಡ್ರಾಯಿಂಗ್ ಎಷ್ಟನೆಯ ತಿದ್ದುಪಡಿಯದು ಎಂಬ ಗುರುತು ನೋಡಿ ಅಂತ ಎಲ್ಲರೂ ಹೇಳುತ್ತಾರೆ. ಸರಿ, ನೋಡಿ. ಆದರೆ ಇಬ್ಬರ ಹತ್ತಿರವೂ ರಿವಿಷನ್ ಸಿ ಇದೆ ಎಂದ ಮಾತ್ರಕ್ಕೆ ಇಬ್ಬರ ಹತ್ತಿರವೂ ಅದೇ ಡ್ರಾಯಿಂಗ್ ಇದೆ ಎಂದಲ್ಲ. "ಚಿಕ್ಕ ತಿದ್ದುಪಡಿ ತಾನೇ" ಎಂದು ರಿವಿಷನ್ ಅಕ್ಷರ ಬದಲಿಸದೆ ಫೈಲ್ ಬದಲಿಸಿದವರು ಇರುತ್ತಾರೆ. ಎರಡೂ ಫೈಲ್‌ಗಳ ಹ್ಯಾಶ್ (ಒಳಗಿನದು ಸ್ವಲ್ಪ ಬದಲಾದರೂ ಬದಲಾಗುವ, ಫೈಲ್‌ನ ಬೆರಳಚ್ಚಿನಂಥ ಸಂಕೇತ) ತೆಗೆದು ಹೋಲಿಸಿ. ಒಂದು ನಿಮಿಷದ ಕೆಲಸ, ವಾದಕ್ಕೆ ಜಾಗವೇ ಇರುವುದಿಲ್ಲ.

ಫೈಲ್ ಒಂದೇ ಆಗಿದ್ದೂ ತೂತು ಎದುರು ಬದಿಗೆ ಬಂದಿದ್ದರೆ ಪ್ರೊಜೆಕ್ಷನ್ ಚಿಹ್ನೆ, ಅಂದರೆ ಭಾಗದ ಯಾವ ಬದಿಯ ನೋಟವನ್ನು ಎಲ್ಲಿ ಬರೆದಿದ್ದಾರೆ ಎಂದು ಹೇಳುವ ಚಿಹ್ನೆ ನೋಡಿ. ಫಸ್ಟ್ ಆ್ಯಂಗಲ್ ಡ್ರಾಯಿಂಗನ್ನು ಥರ್ಡ್ ಆ್ಯಂಗಲ್ ಎಂದು ಓದಿದರೆ ಭಾಗ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುತ್ತದೆ.

ಇದಕ್ಕಿಂತ ಕಷ್ಟದ್ದು ಇನ್ನೊಂದಿದೆ. ಪಾಲುದಾರರು ಅಳೆದರೆ ಪಾಸ್, ನೀವು ಅಳೆದರೂ ಪಾಸ್, ಆದರೆ ಶಾಫ್ಟ್ ತೂತಿನೊಳಗೆ ಹೋಗುವುದಿಲ್ಲ. ಡ್ರಾಯಿಂಗ್ ಯಾವ ನಿಯಮದ ಕೆಳಗೆ ಬರೆದದ್ದು ಎಂದು ಕೇಳಿ. ಅಮೆರಿಕದ ಡ್ರಾಯಿಂಗ್ ಮಾನದಂಡವಾದ ಎಎಸ್‌ಎಂಇ ವೈ14.5ರಲ್ಲಿ, ಬೇರೇನೂ ಹೇಳದಿದ್ದರೆ, ಅಳತೆಯ ಮಿತಿಯೇ ಆಕಾರವನ್ನೂ ಹಿಡಿದಿಡುತ್ತದೆ. ಶಾಫ್ಟ್ ಅತಿ ದಪ್ಪದ ಮಿತಿಯಲ್ಲಿದ್ದರೆ ಅದು ನೇರವಾಗಿಯೂ ಇರಬೇಕು. ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 8015ರಲ್ಲಿ ಅಳತೆ ಬೇರೆ, ಆಕಾರ ಬೇರೆ. ಅಲ್ಲಿ ಪ್ರತಿ ಜಾಗದಲ್ಲೂ ದಪ್ಪ ಸರಿ ಇರುವ ಸೊಟ್ಟ ಶಾಫ್ಟ್ ದಪ್ಪದ ಅಳತೆಯಲ್ಲಿ ಫೇಲ್ ಆಗುವುದಿಲ್ಲ. ಒಂದೇ ಸಾಲು, ಎರಡು ಓದು. ಇದನ್ನು ಯಾವ ಸಾಫ್ಟ್‌ವೇರ್ ಕೂಡ ಹಿಡಿಯುವುದಿಲ್ಲ. ಡ್ರಾಯಿಂಗ್‌ನ ಟೈಟಲ್ ಬ್ಲಾಕ್‌ನಲ್ಲಿ ಯಾವ ಮಾನದಂಡ ಎಂದು ಬರೆದಿರಬೇಕು, ಬರೆದದ್ದನ್ನು ಪಾಲುದಾರರ ಗುಣಮಟ್ಟ ವಿಭಾಗ ಓದಿರಬೇಕು.

3ಡಿ ಮಾಡೆಲ್ ಕಳಿಸುವವರಿಗೆ ಏರ್‌ಬಸ್ ಎ380ರ ಪ್ರಸಂಗ ಗೊತ್ತಿರಬೇಕು. ಆ ವಿಮಾನದಲ್ಲಿ 500 ಕಿಲೋಮೀಟರ್‌ಗೂ ಹೆಚ್ಚು ವೈರ್ ಇದೆ. ಹ್ಯಾಂಬರ್ಗ್‌ನ ತಂಡ ಕಾಟಿಯಾ ಎಂಬ ವಿನ್ಯಾಸ ಸಾಫ್ಟ್‌ವೇರ್‌ನ 4ನೇ ಆವೃತ್ತಿ ಬಳಸುತ್ತಿತ್ತು, ಟುಲೂಸ್‌ನವರು 5ನೇ ಆವೃತ್ತಿ. ವಿನ್ಯಾಸದ ಬದಲಾವಣೆಗಳು ಎರಡರ ನಡುವೆ ಸರಿಯಾಗಿ ದಾಟಲಿಲ್ಲ. ಜೋಡಣೆಯ ಹೊತ್ತಿಗೆ ವೈರ್ ಕಟ್ಟುಗಳು ತಮ್ಮ ಜಾಗಕ್ಕೆ ಕೂಡಲಿಲ್ಲ. 2006ರಲ್ಲಿ ವಿಳಂಬದ ಮೇಲೆ ವಿಳಂಬ ಘೋಷಿಸಬೇಕಾಯಿತು, ಮೊದಲ ವಿಮಾನ ಗ್ರಾಹಕರ ಕೈ ಸೇರಿದ್ದು 2007ರ ಅಕ್ಟೋಬರ್‌ನಲ್ಲಿ. ಇವರು ಬೇರೆ ಬೇರೆ ಕಂಪನಿಗಳೂ ಅಲ್ಲ, ಒಂದೇ ಕಂಪನಿಯ ಎರಡು ಊರುಗಳು. ಆವೃತ್ತಿ ಹೆಚ್ಚುಕಡಿಮೆ ಇದ್ದರೂ ನಡೆಯುತ್ತದೆ ಎಂಬ ಧೈರ್ಯ ಬೇಡ.

ಮಾಡೆಲ್ ಸರಿಯಾಗಿ ದಾಟಿದೆಯೇ ಎಂದು ನೋಡಲು ಕಣ್ಣಿಗಿಂತ ಅಳತೆ ಒಳ್ಳೆಯದು. ನಿಮ್ಮಲ್ಲಿ ಘನಗಾತ್ರ, ಮೇಲ್ಮೈ ವಿಸ್ತೀರ್ಣ, ಗುರುತ್ವ ಕೇಂದ್ರ ಬರೆದುಕೊಳ್ಳಿ. ಪಾಲುದಾರರು ತೆರೆದ ಮೇಲೆ ಅದೇ ಮೂರನ್ನು ಹೇಳಲಿ. ಹೊಂದದಿದ್ದರೆ ಎಲ್ಲೋ ಒಂದು ಮೇಲ್ಮೈ ಬಿದ್ದುಹೋಗಿದೆ. ಆಕಾರ ಸರಿ ಇದ್ದು ಟಾಲರೆನ್ಸ್‌ಗಳು (ಅಳತೆ ಎಷ್ಟು ಆಚೀಚೆ ಆಗಬಹುದು ಎಂಬ ಮಿತಿಗಳು) ಮಾಯವಾಗಿದ್ದರೆ, 3ಡಿ ಮಾಡೆಲ್ ವಿನಿಮಯಕ್ಕೆ ಬಳಸುವ ಸ್ಟೆಪ್ ಫೈಲ್‌ನ ಯಾವ ನಮೂನೆಯಲ್ಲಿ ಉಳಿಸಿದ್ದಾರೆ ಕೇಳಿ. ಹಳೆಯ ಎಪಿ 203 ಮೊದಲ ಆವೃತ್ತಿ ಮುಖ್ಯವಾಗಿ ಆಕಾರವನ್ನು ಒಯ್ಯುತ್ತಿತ್ತು. 2014ರಲ್ಲಿ ಬಂದ ಎಪಿ 242 ಟಾಲರೆನ್ಸ್‌ನಂಥ ಟಿಪ್ಪಣಿಗಳನ್ನೂ ಯಂತ್ರ ಓದುವ ಹಾಗೆ ಒಯ್ಯಬಲ್ಲದು, ಆದರೆ ಉಳಿಸುವಾಗ ಆ ಆಯ್ಕೆ ಒತ್ತಿರಬೇಕು ಅಷ್ಟೇ.

ಎಲ್ಲ ಸರಿ, ಆದರೂ ಬೇಡಿಕೆ ಉಯ್ಯಾಲೆ ಆಡುತ್ತಿದೆ

ಗ್ರಾಹಕರು ಕೊಳ್ಳುವುದು ಹೆಚ್ಚುಕಡಿಮೆ ಒಂದೇ ಸಮ. ಆದರೆ ಕೊನೆಯ ಹಂತದ ಪಾಲುದಾರರಿಗೆ ಒಂದು ತಿಂಗಳು ಆರ್ಡರೇ ಇಲ್ಲ, ಮುಂದಿನ ತಿಂಗಳು ಮೂರು ಪಾಳಿ. ಇದಕ್ಕೆ ಬುಲ್‌ವಿಪ್ ಪರಿಣಾಮ ಅನ್ನುತ್ತಾರೆ. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಇದನ್ನು ಗಮನಿಸಿದ್ದು ಮಕ್ಕಳ ಡೈಪರ್‌ಗಳಲ್ಲಿ. ಮಕ್ಕಳು ಒಂದೇ ಸಮನೆ ಒದ್ದೆ ಮಾಡುತ್ತಾರೆ, ಆರ್ಡರ್‌ಗಳು ಮಾತ್ರ ಏರಿಳಿಯುತ್ತವೆ!

ಅಲೆ ಎಲ್ಲಿ ಹುಟ್ಟುತ್ತಿದೆ ಎಂದು ಕಂಡುಹಿಡಿಯಲು ಒಂದು ಲೆಕ್ಕ ಸಾಕು. ಪ್ರತಿ ಕಂಪನಿಯಲ್ಲೂ ಒಳಗೆ ಬಂದ ಬೇಡಿಕೆಯ ಏರಿಳಿತವನ್ನು ಮತ್ತು ಹೊರಗೆ ಹೋದ ಆರ್ಡರ್‌ನ ಏರಿಳಿತವನ್ನು ತೆಗೆಯಿರಿ. ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್ನನ್ನು ಸರಾಸರಿಯಿಂದ ಭಾಗಿಸಿ. ಹೊರಗಿನದು ಒಳಗಿನದಕ್ಕಿಂತ ದೊಡ್ಡದಾದರೆ ಅಲೆ ಅಲ್ಲಿ ಬೆಳೆಯುತ್ತಿದೆ. ಈ ಲೆಕ್ಕವನ್ನು ಮೊದಲು ನಿಮ್ಮ ಕಂಪನಿಗೇ ಮಾಡಿ. ಪಾಲುದಾರರ ಮೇಲೆ ಬೆರಳು ಮಾಡಲು ಹೊರಟವರು ತಮ್ಮ ಸಂಖ್ಯೆ ನೋಡಿ ಸುಮ್ಮನಾಗುವುದೇ ಹೆಚ್ಚು.

ಕಾರಣಗಳನ್ನು 1997ರಲ್ಲಿ ಲೀ, ಪದ್ಮನಾಭನ್, ವಾಂಗ್ ಎಂಬ ಮೂವರು ನಾಲ್ಕಾಗಿ ವಿಂಗಡಿಸಿದರು. ಅಂದಾಜಿನ ಮೇಲೆ ಅಂದಾಜು ಕಟ್ಟುವುದು, ಆರ್ಡರ್‌ಗಳನ್ನು ಗುಡ್ಡೆ ಹಾಕಿ ಒಟ್ಟಿಗೆ ಕೊಡುವುದು, ಬೆಲೆ ಇಳಿದಾಗ ಬಾಚಿಕೊಳ್ಳುವುದು, ಕೊರತೆ ಬಂದಾಗ ಬೇಕಾದ್ದಕ್ಕಿಂತ ಜಾಸ್ತಿ ಕೇಳುವುದು. ಮೊದಲನೆಯದಕ್ಕೆ ಮದ್ದು ನಿಮ್ಮ ಆರ್ಡರ್ ಜೊತೆ ಅಂತಿಮ ಗ್ರಾಹಕರ ನಿಜವಾದ ಬಳಕೆಯನ್ನೂ ತೋರಿಸುವುದು. ಕೊನೆಯದು ಅಪಾಯಕಾರಿ, ಏಕೆಂದರೆ ಅಲ್ಲಿ ಡೇಟಾ ಶುದ್ಧವಾಗಿಯೇ ಇರುತ್ತದೆ, ಒಳಗಿನ ಬೇಡಿಕೆ ಮಾತ್ರ ಪೊಳ್ಳು. 2001ರಲ್ಲಿ ನೆಟ್‌ವರ್ಕ್ ಉಪಕರಣ ಮಾರುವ ಸಿಸ್ಕೊ ಕಂಪನಿ ಸುಮಾರು 220 ಕೋಟಿ ಡಾಲರ್ ಬೆಲೆಯ ದಾಸ್ತಾನನ್ನು ಲೆಕ್ಕದಿಂದ ಹೊಡೆದುಹಾಕಬೇಕಾಯಿತು. ಕೊರತೆಯ ಕಾಲದಲ್ಲಿ ಎರಡೆರಡು ಕಡೆ ಕೊಟ್ಟ ಆರ್ಡರ್‌ಗಳು ಬೇಡಿಕೆಯನ್ನು ಉಬ್ಬಿಸಿದ್ದೂ ಅದಕ್ಕೆ ಒಂದು ಕಾರಣ. ಕೊರತೆ ಬಂದಾಗ ಈಗಿನ ಆರ್ಡರ್ ನೋಡಿ ಹಂಚಬೇಡಿ, ಹಿಂದಿನ ನಿಜವಾದ ಖರೀದಿ ನೋಡಿ ಹಂಚಿ. ಆಗ ಉಬ್ಬಿಸಿ ಕೇಳಿದರೆ ಲಾಭ ಇರುವುದಿಲ್ಲ.

ಗೊತ್ತಿದ್ದೂ ಹೇಳುತ್ತಿಲ್ಲ

ಇದು ದೋಷ ಪಟ್ಟಿಯಲ್ಲಿ ಯಾರೂ ಬರೆಯದ ದೋಷ. ಆದರೆ ಇದನ್ನೂ ಗುರುತಿಸಬಹುದು. ಯೂನಿಟ್ ಅದಲುಬದಲಿನಂಥ ಗುರುತು ಸಿಗದಿದ್ದರೆ, ವ್ಯವಸ್ಥೆಯ ತಪ್ಪು ಸಾಮಾನ್ಯವಾಗಿ ಎರಡೂ ಕಡೆ ಬೀಳುತ್ತದೆ, ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಮುಚ್ಚಿಡುವ ತಪ್ಪು ಯಾವಾಗಲೂ ಒಂದೇ ಕಡೆ ವಾಲುತ್ತದೆ. ಲೀಡ್ ಟೈಮ್ (ಆರ್ಡರ್ ಕೊಟ್ಟಲ್ಲಿಂದ ಸರಕು ಬರುವವರೆಗಿನ ಸಮಯ) ಹೇಳಿದ್ದಕ್ಕಿಂತ ಪ್ರತಿ ಸಲವೂ ಕಡಿಮೆಯೇ ಬರುತ್ತಿದ್ದರೆ ಅವರು ತಮಗೆ ಜಾಗ ಇಟ್ಟುಕೊಂಡು ಹೇಳುತ್ತಿದ್ದಾರೆ. ನಿಮ್ಮ ಅಂದಾಜು ಪ್ರತಿ ತಿಂಗಳೂ ನಿಜವಾದ ಖರೀದಿಗಿಂತ ಜಾಸ್ತಿಯೇ ಇದ್ದರೆ, ಮುಚ್ಚಿಡುತ್ತಿರುವವರು ನೀವು. ಇನ್ನೊಂದು ಗುರುತು: ಕೊನೆಯ ವಾರದವರೆಗೂ ಎಲ್ಲ ಹಸಿರು, ಆಮೇಲೆ ನೇರವಾಗಿ ಕೆಂಪು, ಹಳದಿ ಬರುವುದೇ ಇಲ್ಲ.

ಬೈದರೆ ಇದು ಸರಿಹೋಗುವುದಿಲ್ಲ. ಹೇಳಿದವರಿಗೆ ಏನು ಆಗುತ್ತದೆ ಎಂದು ನೋಡಿ. ವಿಳಂಬವನ್ನು ಎರಡು ವಾರ ಮೊದಲೇ ತಿಳಿಸಿದವರಿಗೂ ಕೊನೆಯ ದಿನ ತಿಳಿಸಿದವರಿಗೂ ಒಂದೇ ದಂಡ ಇದ್ದರೆ ಯಾರು ತಾನೇ ಬೇಗ ಹೇಳುತ್ತಾರೆ? ಖಾಲಿ ಸಾಮರ್ಥ್ಯ ಇದೆ ಎಂದ ಕೂಡಲೇ ನೀವು ಬೆಲೆ ಇಳಿಸಲು ಕೇಳಿದರೆ, ಮುಂದಿನ ಸಲ ಸಾಮರ್ಥ್ಯ ತುಂಬಿಯೇ ಇರುತ್ತದೆ. ನಿಮ್ಮ ಕಡೆಯ ಅಂದಾಜಿಗೂ ಬೆಲೆ ಇಡಿ. ಮೊದಲ ನಾಲ್ಕು ವಾರ ಪಕ್ಕಾ ಆರ್ಡರ್, ಮುಂದಿನ ಎಂಟು ವಾರ ಕಚ್ಚಾ ವಸ್ತುವಿನ ಹೊಣೆ ನಮ್ಮದು, ಆಮೇಲಿನದು ಬರೀ ಅಂದಾಜು, ಹೀಗೆ ಬರೆದು ಒಪ್ಪಿಕೊಳ್ಳಿ. ಹಣ ಕಟ್ಟಬೇಕಾದ ಸಂಖ್ಯೆಯನ್ನು ಜನ ಯೋಚಿಸಿ ಬರೆಯುತ್ತಾರೆ.

ಬಿಚ್ಚಿ ಹೇಳಿದರೆ ಎಷ್ಟು ದೂರ ಹೋಗಬಹುದು ಎನ್ನುವುದಕ್ಕೆ 1997ರ ಫೆಬ್ರವರಿ 1ರಂದು ಜಪಾನಿನ ಬಿಡಿಭಾಗ ಕಂಪನಿ ಐಸಿನ್‌ನ ಕಾರ್ಖಾನೆಗೆ ಬಿದ್ದ ಬೆಂಕಿ ಇದೆ. ಟೊಯೊಟಾ ಕಾರುಗಳ ಬ್ರೇಕ್‌ಗೆ ಬೇಕಾದ ಪಿ-ವಾಲ್ವ್‌ನ ಬಹುಪಾಲು ಬರುತ್ತಿದ್ದುದು ಆ ಒಂದೇ ಕಾರ್ಖಾನೆಯಿಂದ. ಟೊಯೊಟಾ ಬಳಿ ಇದ್ದ ಸ್ಟಾಕ್ ಬಹಳ ಕಡಿಮೆ, ಕಾರು ಜೋಡಣೆ ನಿಂತಿತು. ಐಸಿನ್ ತನ್ನ ಡ್ರಾಯಿಂಗ್‌ಗಳನ್ನು ಬೇರೆ ಕಂಪನಿಗಳಿಗೆ ಕೊಟ್ಟಿತು. ಸುಮಾರು 200 ಕಂಪನಿಗಳು ಕೈ ಜೋಡಿಸಿದವು, ಎಂದೂ ವಾಲ್ವ್ ಮಾಡದವರೂ ಅದರಲ್ಲಿದ್ದರು. ಕೆಲವೇ ದಿನಗಳಲ್ಲಿ ಜೋಡಣೆ ಮತ್ತೆ ಶುರುವಾಯಿತು. ಇದನ್ನು ಬರೀ ಒಗ್ಗಟ್ಟಿನ ಕತೆಯಾಗಿ ಹೇಳುತ್ತಾರೆ, ಆದರೆ ದೋಷ ಹುಡುಕುವವರು ನೋಡಬೇಕಾದ ವಿವರ ಬೇರೆ. ಡ್ರಾಯಿಂಗ್ ಸಿಕ್ಕರೂ ಕೆಲಸ ಸಲೀಸಾಗಿ ಸಾಗಲಿಲ್ಲ. ಆ ಡ್ರಾಯಿಂಗ್ ಹಿಂದೆ ಐಸಿನ್‌ನ ವಿಶೇಷ ಯಂತ್ರಗಳ ಪ್ರಕ್ರಿಯೆ ಇತ್ತು, ಬೇರೆಯವರ ಹತ್ತಿರ ಇದ್ದದ್ದು ಸಾಮಾನ್ಯ ಯಂತ್ರಗಳು. ಏನು ಮಾಡಬೇಕು ಎಂಬುದು ಕಾಗದದಲ್ಲಿತ್ತು, ಹೇಗೆ ಮಾಡಬೇಕು ಎಂಬುದನ್ನು ಪ್ರತಿಯೊಬ್ಬರೂ ಹೊಸದಾಗಿ ಕಂಡುಕೊಳ್ಳಬೇಕಾಯಿತು. ನಿಮ್ಮ ಪಾಲುದಾರರ ಮೊದಲ ಲಾಟ್ ರಿಜೆಕ್ಟ್ ಆಗಿದ್ದರೆ, ಡ್ರಾಯಿಂಗ್ ಜೊತೆ ಪ್ರಕ್ರಿಯೆಯ ಟಿಪ್ಪಣಿ ಹೋಗಿತ್ತೇ ಎಂದು ಕೇಳಿ.

ಇದರ ಎದುರು ತುದಿಯ ದೋಷವೂ ಇದೆ: ಎಲ್ಲರಿಗೂ ಎಲ್ಲವನ್ನೂ ಕಳಿಸುವುದು. ಅಲ್ಲಿ ಮುಖ್ಯವಾದ ಬದಲಾವಣೆ ಇನ್ನೂರು ಮೇಲ್‌ಗಳ ಕೆಳಗೆ ಹೂತುಹೋಗುತ್ತದೆ, ನಿಮ್ಮ ಡ್ರಾಯಿಂಗ್ ಎರಡನೇ ಹಂತದ ಪಾಲುದಾರರ ಮೂಲಕ ನಿಮ್ಮ ಎದುರಾಳಿಯ ಮೇಜಿಗೂ ಹೋಗಬಹುದು. ಪ್ರತಿ ವರದಿಯ ಮೇಲೂ "ಇದನ್ನು ನೋಡಿ ಯಾರು ಯಾವ ನಿರ್ಧಾರ ಮಾಡುತ್ತಾರೆ" ಎಂದು ಬರೆಯಲು ಆಗದಿದ್ದರೆ ಅದನ್ನು ನಿಲ್ಲಿಸಬಹುದು.

ಸರಿಪಡಿಸಿದ ಮೇಲೆ

ಕಾರಣ ಸಿಕ್ಕ ಮೇಲೆ ಮೊದಲು ಹಿಡಿದಿದ್ದ ಅದೇ ನಂಬರನ್ನು ಇಡೀ ದಾರಿಯಲ್ಲಿ ಮತ್ತೆ ಕಳಿಸಿ ನೋಡಿ. ಹೊಸ ಸಂದೇಶ ಸರಿಯಾಗಿ ಹೋಗುತ್ತದೆ ಎಂಬುದು ಅರ್ಧ ಪರೀಕ್ಷೆ. ಹಳೆಯ ತಪ್ಪು ಸಂಖ್ಯೆಯ ಮೇಲೆ ಈಗಾಗಲೇ ಏನೇನು ಆಗಿದೆ ಎಂದು ನೋಡಬೇಕು. ಪಾಲುದಾರರು ಆ ಸಂಖ್ಯೆ ನಂಬಿ ತಮ್ಮ ಕಚ್ಚಾ ವಸ್ತುವಿಗೆ ಆರ್ಡರ್ ಕೊಟ್ಟಿರಬಹುದು. ನೀವು ಸಾಫ್ಟ್‌ವೇರ್ ಸರಿ ಮಾಡಿದಿರಿ, ಆ ಆರ್ಡರ್ ಮಾತ್ರ ಇನ್ನೂ ಬದುಕಿದೆ.

ಕೆಲಸ ಮುಗಿದು ಪಾಲುದಾರರು ಬೇರೆಯಾಗುವಾಗ ಕೊನೆಯ ಒಂದು ದೋಷ ಹುಟ್ಟುತ್ತದೆ. ಐಟಿಯವರು ಅವರ ಅಕೌಂಟ್ ಮುಚ್ಚುತ್ತಾರೆ, ಭದ್ರತೆಗೆ ಅದು ಸರಿ. ಆದರೆ ಪಾಲುದಾರರ ಇಆರ್‌ಪಿಯಲ್ಲಿ ನಿಮ್ಮ ಕೊನೆಯ ಷೆಡ್ಯೂಲ್ ಹಾಗೇ ಉಳಿಯುತ್ತದೆ, ಅದನ್ನು ರದ್ದು ಮಾಡುವ ದಾರಿಯನ್ನು ನೀವೇ ಮುಚ್ಚಿದ್ದೀರಿ. ಹಾಗಾಗಿ ಕ್ರಮ ಹೀಗಿರಲಿ: ಮೊದಲು ತಾನಾಗಿ ಷೆಡ್ಯೂಲ್ ಕಳಿಸುವ ಕೆಲಸವನ್ನು ನಿಲ್ಲಿಸಿ. ಆಮೇಲೆ ಉಳಿದ ಎಲ್ಲ ಪಾರ್ಟ್‌ಗಳಿಗೂ ಬೇಡಿಕೆ ಸೊನ್ನೆ ಎಂದು ಹೇಳುವ ಕೊನೆಯ ಷೆಡ್ಯೂಲ್ ಕಳಿಸಿ. ಅದನ್ನು ಒಪ್ಪಿಕೊಂಡ ಉತ್ತರ ಬಂದ ಮೇಲೆ, ಸಂಚಿತ ಲೆಕ್ಕ ಎರಡೂ ಕಡೆ ಹೊಂದಿದೆ ಎಂದು ಬರಹದಲ್ಲಿ ಪಡೆದ ಮೇಲೆ, ಅಕೌಂಟ್ ಮುಚ್ಚಿ.